ಗಾಜಿನ ಹಂಚಿನ ಬಿಸಿಲು

ಬಾವಂಚಿ ಕಾಳನ್ನು ಏಳು ದಿನ ದನದ ಗಂಜಳದಲ್ಲಿ ನೆನೆಸಿಟ್ಟು, ಎಂಟನೆಯ ದಿನ ಸಿಪ್ಪೆ ತೆಗೆದು ಅರೆದು, ಎಳ್ಳೆಣ್ಣೆಯಲ್ಲಿ ಕಾಯಿಸಿದರೆ ಮನೆ ಹೇಗೆ ನಾರುತ್ತದೆ ಎಂದು ಮೂಗಿದ್ದವರಿಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ಮಳೆಗಾಲದಲ್ಲಿ ಒಣಗದ ಕಂಬಳಿ, ಹಳಸಿದ ಹುಳಿ, ಹಟ್ಟಿಯ ಮೂಲೆ, ಈ ಮೂರನ್ನೂ ಒಂದೇ ಬಾಣಲೆಗೆ ಹಾಕಿ ಹುರಿದ ಹಾಗೆ. ಆ ಎಣ್ಣೆಯನ್ನು ನಾಲ್ಕು ತಿಂಗಳು ನನ್ನ ಎಡಗಾಲಿಗೆ ಹಚ್ಚಿದ್ದಾರೆ. ಈಗ ನನಗೆ ಎಂಬತ್ತು ಹತ್ತಿರವಾಯಿತು. ಇವತ್ತಿಗೂ ಪಕ್ಕದ ಮನೆಯಲ್ಲಿ ಯಾರಾದರೂ ಎಳ್ಳೆಣ್ಣೆ ಬಿಸಿ ಮಾಡಿದರೆ ಎದ್ದು ಹೋಗಿ ಕಿಟಕಿ ಮುಚ್ಚುತ್ತೇನೆ.

ಸಾವಿರದ ಒಂಬೈನೂರ ಅರವತ್ತರ ಸುಮಾರಿನ ಮಾತು. ನಮ್ಮ ಮನೆ ಮೂಡುಬಿದಿರೆಯಲ್ಲಿ, ಬಸದಿಗೆ ಹೋಗುವ ದಾರಿಯ ಪಕ್ಕದಲ್ಲೇ. ಅಪ್ಪ ತಮ್ಮ ಮನೆತನದ ಗದ್ದೆ ನೋಡಿಕೊಂಡು ವೇಣೂರಿನಲ್ಲೇ ಹೆಚ್ಚಾಗಿ ಇರುತ್ತಿದ್ದರು. ನಮ್ಮದು ಅಳಿಯಸಂತಾನದ ಕಟ್ಟು; ಮನೆ ಅಮ್ಮನ ಕಡೆಯದು, ಮನೆಯಲ್ಲಿ ನಡೆಯುವ ಮಾತು ಅಮ್ಮನ ಅಣ್ಣನದ್ದು. ಅವರನ್ನು ನಾನು ಮಾವ ಎನ್ನುತ್ತಿದ್ದೆ. ಮಾವ ಬೆಳಗ್ಗೆ ಮಡಿಯುಟ್ಟು ಬಸದಿಗೆ ಹೋಗಿ ಬಂದು ಚಾವಡಿಯಲ್ಲಿ ಕೂತರೆಂದರೆ ಮನೆಯ ಬೆಕ್ಕು ಕೂಡ ಹಿಂದಿನ ಬಾಗಿಲಿನಿಂದ ಹೋಗುತ್ತಿತ್ತು. ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಶಬ್ದ ಒಂದೇ, ಮರ್ಯಾದೆ.

ನಾನಾಗ ಎಸ್ಸೆಸ್ಸೆಲ್ಸಿ ವರ್ಷದಲ್ಲಿದ್ದೆ. ಮನೆತನದಲ್ಲಿ ಅಷ್ಟು ದೂರ ಓದಿದ ಮೊದಲ ಹೆಣ್ಣು ನಾನೇ ಎಂಬ ಜಂಬ ಸಾಕಷ್ಟಿತ್ತು. ಪರೀಕ್ಷೆ ಪಾಸು ಮಾಡಿ ಟೀಚರ್ ಆಗಬೇಕೆಂದು ಹಟ ಹಿಡಿದವಳು. ಆ ವರ್ಷ ಮಳೆಗಾಲದಲ್ಲಿ ಎಡಪಾದದ ಮೇಲೆ ಒಂದು ಬಿಳಿ ಚುಕ್ಕೆ ಕಂಡಿತು, ಅಕ್ಕಿ ಕಾಳಿನಷ್ಟು. ಸುಣ್ಣ ತಾಗಿರಬೇಕೆಂದು ಉಜ್ಜಿದೆ. ಉಜ್ಜಿದರೆ ಹೋಗುವುದಲ್ಲ ಅದು. ನವರಾತ್ರಿಯ ಹೊತ್ತಿಗೆ ವೀಳ್ಯದೆಲೆಯಷ್ಟಾಗಿ ಕಾಲಿನ ಗಂಟು ದಾಟಿ ಮೇಲೆ ಹತ್ತಿತ್ತು. ಬಸದಿಯ ಮೆಟ್ಟಿಲ ಬಳಿ ಕಾಲು ತೊಳೆಯುವಾಗ ಮಾವನ ಕಣ್ಣಿಗೆ ಬಿತ್ತು. ಅವರು ಕೂಡಲೇ ತಮ್ಮ ಹೆಗಲ ಮೇಲಿನ ಶಾಲನ್ನು ತೆಗೆದು ನನ್ನ ಕಾಲಿನ ಮೇಲೆ ಹಾಕಿದರು. ಎಷ್ಟು ಅಕ್ಕರೆ ಎಂದುಕೊಂಡೆ. ದಡ್ಡಿ ನಾನು.

ಮನೆಗೆ ಬಂದು ಅಮ್ಮನಿಗೆ ಹೇಳಿದರು: "ನಾಳೆಯಿಂದ ಇವಳು ಶಾಲೆಗೆ ಹೋಗುದು ಬೇಡ. ಬಣ್ಣ ಬಂದ ಮೇಲೆ ಹೋಗ್ಲಿ. ಇವಳ ಕಾಲಲ್ಲಿ ತೊನ್ನು ಉಂಟು ಅಂತ ಊರಿಗೆ ಗೊತ್ತಾದ್ರೆ ನಮ್ಮ ಸಂತಾನದ ಹೆಣ್ಣುಗಳನ್ನು ಯಾರು ಕೇಳ್ತಾರೆ? ಇವಳ ತಂಗಿಯ ಗತಿ ಎಂತ?"

ಆಗ ತಂಗಿಗೆ ನಾಲ್ಕು ವರ್ಷ, ಮೂಗು ಸುರಿಸಿಕೊಂಡು ಹುಣಸೆಬೀಜ ಆಡುತ್ತಿದ್ದಳು.

ಅದೇ ವಾರ ಮಾವ ಎರಡು ಕಡೆ ಹೋಗಿ ಬಂದರು. ಒಂದು ಬೆಳ್ತಂಗಡಿಯಾಚೆ, ನೆರಿಯದ ಕಾಡಿನಂಚಿನಲ್ಲಿದ್ದ ಒಬ್ಬ ನಾಟಿ ಪಂಡಿತರ ಹತ್ತಿರ. ಅವರು ಕೊಟ್ಟದ್ದು ಬಾವಂಚಿ ಕಾಳು, ಎಣ್ಣೆ ಮಾಡುವ ಕ್ರಮ, ಮತ್ತೆ ಜೇನಿನಲ್ಲಿ ಕಲಸಿ ನೆಕ್ಕಲು ಒಂದು ಪುಡಿ. ಜೇನು ಜೈನರಿಗೆ ನಿಷಿದ್ಧ. ಮಾವ ಜೇನಿನ ಹೆಸರು ಕೇಳಿಯೇ ಮುಖ ಸಿಂಡರಿಸಿ, ಪುಡಿಯನ್ನು ಅಲ್ಲೇ ಬಿಟ್ಟು ಎಣ್ಣೆಗೆ ಮಾತ್ರ ಒಪ್ಪಿ ಬಂದರಂತೆ. ಜೇನಿಗೆ ಹೇಸಿದವರು ಗಂಜಳಕ್ಕೆ ಹೇಸಲಿಲ್ಲ. ಹೇಸುವುದೇಕೆ, ಹಚ್ಚುವುದು ನನ್ನ ಕಾಲಿಗೆ ತಾನೆ!

ಇನ್ನೊಂದು ಬಂಟ್ವಾಳ. ಅಲ್ಲಿ ವಾರಕ್ಕೊಮ್ಮೆ ಬಂದು ಕೂರುತ್ತಿದ್ದ ಚರ್ಮದ ಡಾಕ್ಟರೊಬ್ಬರಿದ್ದರು. ನನ್ನನ್ನು ಕರೆದುಕೊಂಡು ಹೋದರು. ಬಸ್ಸಿನಲ್ಲಿ ನನ್ನನ್ನು ಕಿಟಕಿ ಬದಿ ಕೂರಿಸಿ, ಕಾಲ ಮೇಲೆ ಚೀಲ ಇಟ್ಟು, "ಅಲುಗಾಡಬೇಡ" ಅಂದರು. ಡಾಕ್ಟರು ಬರಿಗೈಯಲ್ಲಿ ನನ್ನ ಪಾದ ಹಿಡಿದು, ಬಿಳಿ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಮಾವನ ಜೊತೆ ಇಂಗ್ಲಿಷಿನಲ್ಲಿ ತುಂಬಾ ಹೊತ್ತು ಮಾತಾಡಿದರು. ನನ್ನ ಇಂಗ್ಲಿಷು ಪಾಠಪುಸ್ತಕದ ಹಸು ಮತ್ತು ರೈತನ ಆಚೆ ಹೋಗದ ಇಂಗ್ಲಿಷು. ಒಂದಕ್ಷರ ತಲೆಗೆ ಹೋಗಲಿಲ್ಲ. ಮನೆಗೆ ಬಂದು ಮಾವ ಅಮ್ಮನಿಗೆ ಹೇಳಿದ್ದು ಇಷ್ಟೇ: ಬೆಳಗ್ಗೆ ಒಂಬತ್ತಕ್ಕೆ ತಿಂಡಿಯ ಮೇಲೆ ಒಂದು ಗುಳಿಗೆ. ಹನ್ನೊಂದಕ್ಕೆ ಕಾಲಿಗೆ ಬಿಸಿಲು, ಐದು ನಿಮಿಷ.

"ಮತ್ತೆ ಪಂಡಿತರ ಎಣ್ಣೆ?" ಅಮ್ಮ ಕೇಳಿದಳು.

"ಅದೂ ಇರ್ಲಿ. ಪಂಡಿತರಿಗೆ ಬೇಸರ ಆಗುದು ಬೇಡ."

"ಡಾಕ್ಟ್ರಿಗೆ ಹೇಳಿದ್ರಾ?"

"ಅವರು ನಗಾಡ್ತಾರೆ. ಎರಡೂ ಆಗ್ಲಿ, ಬೇಗ ಗುಣ ಆಗ್ತದೆ."

ಒಬ್ಬರಿಗೆ ಬೇಸರವಾಗಬಾರದು, ಇನ್ನೊಬ್ಬರು ನಗಬಾರದು. ಈ ಎರಡು ದಾಕ್ಷಿಣ್ಯಗಳ ನಡುವೆ ಇದ್ದದ್ದು ನನ್ನ ಕಾಲು.

ಇನ್ನು ಬಿಸಿಲಿಗೆ ಎಲ್ಲಿ ಕೂರಿಸುವುದು? ಮುಂದೆ ಅಂಗಳ, ಅದರಾಚೆಗೆ ಬಸದಿಯ ದಾರಿ. ಹನ್ನೊಂದು ಗಂಟೆಗೆ ಅಭಿಷೇಕ ಮುಗಿಸಿ ಹೆಂಗಸರು ಸಾಲಾಗಿ ಬರುವ ಹೊತ್ತು. ಹಿಂದೆ ಬಾವಿ, ಅದು ಪಕ್ಕದ ಮನೆಗೂ ನಮಗೂ ಒಂದೇ. ಮಾವ ಚಾವಡಿಯಲ್ಲಿ ಕೂತು ಒಂದು ದಿನವಿಡೀ ಯೋಚಿಸಿ ದಾರಿ ಕಂಡುಹಿಡಿದರು.

"ಅಟ್ಟದಲ್ಲಿ ಗಾಜಿನ ಹಂಚು ಉಂಟಲ್ಲ, ಅದರಡಿ ಕೂರ್ಲಿ. ಬಿಸಿಲು ಬಿಸಿಲೇ ಅಲ್ಲವಾ?"

ನಮ್ಮ ಕಡೆ ಹಂಚಿನ ಮನೆಗಳಲ್ಲಿ ಬೆಳಕಿಗೆಂದು ಮಾಡಿನ ಹಂಚುಗಳ ನಡುವೆ ಒಂದೆರಡು ಗಾಜಿನ ಹಂಚು ಇಡುತ್ತಾರೆ. ನಮ್ಮ ಅಟ್ಟದಲ್ಲಿ ಒಂದಿತ್ತು. ದಪ್ಪ ಗಾಜು, ಅದರ ಮೇಲೆ ವರ್ಷಗಟ್ಟಲೆಯ ಪಾಚಿ, ಒಳಗಿನಿಂದ ಅಡುಗೆಮನೆಯ ಹೊಗೆ. ಅದರಡಿಯಲ್ಲಿ ನೆಲದ ಮೇಲೆ ಒಂದು ಮಾಸಲು ಹಳದಿ ಚೌಕ ಬೀಳುತ್ತಿತ್ತು. ಸುತ್ತ ಒಡೆದ ಭರಣಿಗಳು, ಬಾವಲಿಯ ಹಿಕ್ಕೆ, ಸತ್ತ ಜಿರಳೆ. ಚೌಕ ಸರಿದ ಹಾಗೆ ನಾನೂ ಹಿಕ್ಕೆಯ ಮೇಲೆ ಅಂಡು ಎಳೆದುಕೊಂಡು ಕಾಲು ಸರಿಸಬೇಕು. ಥೂ!

ದಿನಾ ಹನ್ನೊಂದಕ್ಕೆ ಅಮ್ಮ ಎಣ್ಣೆಯ ಗಿಂಡಿ ಹಿಡಿದು ಏಣಿ ಹತ್ತಿ ಬರುತ್ತಿದ್ದಳು. ಹಿಡಿಸೂಡಿಯಿಂದ ಒಂದು ಕಡ್ಡಿ ಕಿತ್ತು, ಅದರ ತುದಿಗೆ ಹತ್ತಿ ಸುತ್ತಿ, ಎಣ್ಣೆಯಲ್ಲಿ ಅದ್ದಿ, ತೋಳು ಉದ್ದ ಮಾಡಿ ನನ್ನ ಕಾಲಿಗೆ ಹಚ್ಚುತ್ತಿದ್ದಳು. ನೆಲ ಗುಡಿಸಿದ ಹಿಡಿಸೂಡಿಯಲ್ಲ, ಹೊಸತೇ. ಆದರೂ ಹಿಡಿಸೂಡಿ ಹಿಡಿಸೂಡಿಯೇ. ಹಚ್ಚಿ ಆದ ಮೇಲೆ ಕಡ್ಡಿ ಬಚ್ಚಲೊಲೆಗೆ, ಕೈಗೆ ಸೀಗೆಪುಡಿ. ನನ್ನ ಬಟ್ಟಲು, ಲೋಟ ಬೇರೆ. ಹಾಸಿಗೆ ಬೇರೆ. ತಂಗಿ ನನ್ನ ತೊಡೆ ಹತ್ತಲು ಬಂದರೆ ಅಮ್ಮ ಅಡುಗೆಮನೆಯಿಂದಲೇ ಕಿರುಚುತ್ತಿದ್ದಳು.

ಒಂದು ದಿನ ಕೇಳಿಯೇಬಿಟ್ಟೆ. "ಅಮ್ಮ, ಕೈಯಲ್ಲಿ ಹಚ್ಚಿದ್ರೆ ಎಂತ ಆಗ್ತದೆ ನಿಂಗೆ?"

ಅಮ್ಮ ನನ್ನ ಮುಖ ನೋಡಲಿಲ್ಲ. "ಅಂಟ್ತದೆ ಅಂತ ಮಾವ ಹೇಳಿದ್ದಾರೆ. ನಂಗೆ ಬಂದ್ರೆ ಬರ್ಲಿ. ಈ ಕೈಯಲ್ಲೇ ಸಣ್ಣವಳಿಗೆ ತಿನ್ನಿಸ್ಬೇಕಲ್ಲ."

ಸರಿಯಾದ ಮಾತೇ. ಆದರೆ ಹದಿನೈದು ವರ್ಷದವಳಿಗೆ ಸರಿ ತಪ್ಪು ಯಾರಿಗೆ ಬೇಕು? ನನಗೆ ಅಮ್ಮನ ಮೇಲೆ ಮೈಯೆಲ್ಲ ಉರಿಯಿತು. ನನ್ನ ಕಾಲಿನ ಮೇಲೆ ಅದಕ್ಕಿಂತ ಹೆಚ್ಚು ಅಸಹ್ಯವಾಯಿತು. ನಾನೂ ಆ ಕಾಲನ್ನು ಮುಟ್ಟುವುದು ಬಿಟ್ಟೆ. ಸ್ನಾನ ಮಾಡುವಾಗ ಬಲಗಾಲಿನ ಹಿಮ್ಮಡಿಯಿಂದ ಎಡಗಾಲನ್ನು ತಿಕ್ಕುತ್ತಿದ್ದೆ. ಸ್ವಂತ ಮೈಗೆ ಹೇಸುವುದು ಎಂದರೇನು ಎಂದು ಕಲಿಸಲು ಶಾಲೆ ಬೇಕಾಗಲಿಲ್ಲ, ಅಟ್ಟ ಸಾಕಾಯಿತು.

ಅಟ್ಟಕ್ಕೆ ಶಾಲೆಯ ಗಂಟೆ ಕೇಳಿಸುತ್ತಿತ್ತು. ಮೂರನೆಯ ಪೀರಿಯಡ್, ಲೆಕ್ಕ. ನಾನು ಪುಸ್ತಕ ಒಯ್ದು ಆ ಮಾಸಲು ಬೆಳಕಿನಲ್ಲಿ ಪ್ರಮೇಯ ಬಾಯಿಪಾಠ ಮಾಡುತ್ತಿದ್ದೆ. ಸಂಕ್ರಾಂತಿಯ ಮೊದಲು ಹೆಡ್‌ಮಾಸ್ತರರು ಮನೆಗೆ ಹೇಳಿ ಕಳಿಸಿದರು: ಹುಡುಗಿ ಶಿವರಾತ್ರಿಯೊಳಗೆ ಬಂದರೆ ಪರೀಕ್ಷೆಗೆ ಕೂರಿಸುತ್ತೇನೆ, ಇಲ್ಲವಾದರೆ ಹೆಸರು ತೆಗೆಯದೆ ಬೇರೆ ದಾರಿಯಿಲ್ಲ. ಮಾವ ಹೇಳಿದ್ದು ಅದೇ ಹಳೆ ಮಾತು. "ಬಣ್ಣ ಬರ್ಲಿ, ಕಳಿಸುವ."

ಬಣ್ಣ ಎಲ್ಲಿಂದ ಬರುತ್ತದೆ? ಒಂದು ಚುಕ್ಕೆಯೂ ಬರಲಿಲ್ಲ. ಐದು ನಿಮಿಷಕ್ಕೆ ಆಗಲಿಲ್ಲವೆಂದು ಮಾವ ಹತ್ತು ಮಾಡಿದರು. ಹತ್ತಕ್ಕೆ ಆಗಲಿಲ್ಲವೆಂದು ಇಪ್ಪತ್ತು. ಸಂಕ್ರಾಂತಿ ದಾಟುವಾಗ ಮುಕ್ಕಾಲು ಗಂಟೆಗೆ ಬಂದು ನಿಂತಿತ್ತು. ಕಾಲು ಬಿಳಿ ಇದ್ದದ್ದು ಬಿಳಿಯೇ. ಕೊನೆಗೆ ಮಾವ ಅಟ್ಟಕ್ಕೆ ಬಂದು ಮೇಲೆ ನೋಡಿ, "ಗಾಜು ಕೊಳೆಯಾಗಿದೆ, ಅದಕ್ಕೇ ಬಿಸಿಲು ಸಾಲುದಿಲ್ಲ" ಎಂದು ತೀರ್ಪು ಕೊಟ್ಟರು. ಆಳು ಮಾಡಿನ ಮೇಲೆ ಹತ್ತಿ ಹಂಚನ್ನು ತೆಗೆದು ತೊಳೆಯಲು ಕೆಳಗೆ ತಂದ. ಪಾಚಿ ಕಚ್ಚಿ ಹಿಡಿದಿತ್ತು, ಬೂದಿನೀರಿನಲ್ಲಿ ಎರಡು ದಿನ ನೆನೆಯಲಿ ಎಂದು ಬಾವಿಕಟ್ಟೆಯ ಬಳಿ ಇಟ್ಟರು. ಮಾಡಿನಲ್ಲಿ ಬರೀ ಕಿಂಡಿ. ಆ ದಿನವೂ ಒಂಬತ್ತಕ್ಕೆ ಗುಳಿಗೆ, ಹನ್ನೊಂದಕ್ಕೆ ಹಿಡಿಸೂಡಿ ಕಡ್ಡಿ, ಎಣ್ಣೆ. ಆಮೇಲೆ ಎಂದಿನಂತೆ ಮುಕ್ಕಾಲು ಗಂಟೆ.

ಆ ದಿನದ ಚೌಕ ಹಳದಿಯಾಗಿರಲಿಲ್ಲ, ಬೆಳ್ಳಗೆ ಕಣ್ಣು ಕುಕ್ಕುತ್ತಿತ್ತು. ಕಾಲಿಗೆ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ. ಮೊದಲ ಬಾರಿ ಬಿಸಿಲು ಬಿಸಿಲಿನ ಹಾಗೆ ತಾಗಿತು. ಪುಸ್ತಕ ಓದುತ್ತಾ ಕೂತೇ ಇದ್ದೆ.

ಸಂಜೆಗೆ ಪಾದ ಕೆಂಪಾಯಿತು. ಮರುದಿನ ಉರಿ ಶುರು. ಅದರ ಮರುದಿನ ಬೆಳಗ್ಗೆ ನೋಡುತ್ತೇನೆ, ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಕಾಲಿಡೀ ಗುಳ್ಳೆ. ಒಂದು ಗುಳ್ಳೆ ನಿಂಬೆಹಣ್ಣಿನಷ್ಟು. ಒಡೆದರೆ ಹಳದಿ ನೀರು, ಅದಕ್ಕೆ ಎಣ್ಣೆಯ ನಾತ ಬೇರೆ. ನಾನು ಬೊಬ್ಬೆ ಹೊಡೆದದ್ದು ಬಸದಿಯವರೆಗೆ ಕೇಳಿಸಿರಬೇಕು. ಮಾವ ಬಾಗಿಲಲ್ಲಿ ನಿಂತು, ಮೂಗಿಗೆ ಶಾಲು ಹಿಡಿದುಕೊಂಡು ಹೇಳಿದರು: "ಕೆಟ್ಟ ನೀರು ಹೊರಗೆ ಬರ್ತಾ ಉಂಟು. ಒಳ್ಳೆ ಲಕ್ಷಣ. ಎಣ್ಣೆ ಹಚ್ಚು."

ಅಮ್ಮ ಹಚ್ಚಿದಳು! ಒಡೆದ ಗುಳ್ಳೆಯ ಮೇಲೆ, ಅದೇ ಕಡ್ಡಿಯಲ್ಲಿ. ಆಗ ನನಗೆ ಕಂಡದ್ದು ಕಡ್ಡಿ ಮಾತ್ರ. ಸಂಜೆ ಜ್ವರ ಏರಿತು. ಅಮ್ಮ ಎಣ್ಣೆಯ ಗಿಂಡಿಯನ್ನು ಅಂಗಳಕ್ಕೆ ಎಸೆದು, "ಅಣ್ಣ, ನಾಳೆ ಡಾಕ್ಟ್ರು ಬರುವ ದಿನ, ಬಂಟ್ವಾಳಕ್ಕೆ ಹೋಗುವ. ನಾನೂ ಬರ್ತೇನೆ" ಎಂದಳು. ಕೇಳಿದ್ದಲ್ಲ, ಹೇಳಿದ್ದು.

ಡಾಕ್ಟರು ನನ್ನ ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದವರೇ ಮೂಗು ಮುಚ್ಚಿದರು. "ಇದೆಂತ ನಾತ? ಎಂತ ಹಚ್ಚಿದ್ರಿ?"

ಮಾವ ಇಂಗ್ಲಿಷಿನಲ್ಲಿ ಏನೋ ಶುರು ಮಾಡಿದರು. ಅಮ್ಮ ನಡುವೆ ಬಾಯಿ ಹಾಕಿದಳು. "ನಮಗೂ ಅರ್ಥ ಆಗುವ ಭಾಷೆಯಲ್ಲಿ ಹೇಳಿ ಡಾಕ್ಟ್ರೇ. ಬಾವಂಚಿ ಎಣ್ಣೆ ಹಚ್ಚಿದ್ದು. ನಾಲ್ಕು ತಿಂಗಳಿಂದ."

ಡಾಕ್ಟರು ತುಳುವಿನಲ್ಲೇ ಮುಂದುವರಿಸಿದರು. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ. "ನಾನು ಕೊಟ್ಟ ಗುಳಿಗೆಯೂ ಅದೇ ಜಾತಿಯ ಮದ್ದು ಮಾರಾಯ್ರೆ. ಚರ್ಮಕ್ಕೆ ಬಿಸಿಲು ಜೋರಾಗಿ ಹಿಡಿಯುವ ಹಾಗೆ ಮಾಡ್ತದೆ. ಒಳಗೂ ಅದು, ಹೊರಗೂ ಅದು. ಬಿಸಿಲು ಎಷ್ಟು ಹೊತ್ತು?"

"ಮುಕ್ಕಾಲು ಗಂಟೆ."

"ಮುಕ್ಕಾಲು ಗಂಟೆ! ನಾಲ್ಕು ತಿಂಗಳು? ಮತ್ತೆ ಈಗ ಮಾತ್ರ ಸುಟ್ಟದ್ದು ಹೇಗೆ?"

ಅಮ್ಮ ಅಟ್ಟ, ಗಾಜಿನ ಹಂಚು, ಬೂದಿನೀರು ಎಲ್ಲ ಹೇಳಿದಳು. ಡಾಕ್ಟರು ಮಾವನ ಕಡೆ ತಿರುಗಿದರು. "ಬೇಕಾದ ಕಿರಣವನ್ನು ಅಂಥ ದಪ್ಪ ಗಾಜು, ಅದರ ಮೇಲಿನ ಪಾಚಿ ಎರಡೂ ತಡೀತವೆ. ನಾಲ್ಕು ತಿಂಗಳು ಇವಳು ಅಲ್ಲಿ ಸುಮ್ಮನೆ ಕೂತದ್ದು. ಗಾಜಿನಡಿ ಯಾಕೆ ಕೂರಿಸಿದ್ರಿ?"

"ಹೊರಗೆ ಜನ ನೋಡ್ತಾರೆ," ಎಂದರು ಮಾವ.

ಡಾಕ್ಟರು ಗಾಯ ತೊಳೆಯುತ್ತಾ ಕೇಳಿದರು. "ಶಾಲೆ ಎಷ್ಟು ದೂರ ಇವಳಿಗೆ?"

"ನಡೆದು ಹತ್ತು ನಿಮಿಷ," ನಾನೇ ಹೇಳಿದೆ.

"ಬರಿಗಾಲಲ್ಲಿ?"

"ಹೌದು."

"ಮತ್ತೆಂತ! ಒಂದು ತಿಂಗಳು ಗಾಯ ಒಣಗ್ಲಿ. ಆಮೇಲೆ ಎಣ್ಣೆ ಬೇಡ, ಬರೀ ಗುಳಿಗೆ, ಐದು ನಿಮಿಷದಿಂದ ಶುರು ಮಾಡುವ. ಬಯಲು ಬಿಸಿಲಲ್ಲಿ, ಗಡಿಯಾರ ನೋಡಿ. ಮೈಗೆ ಹಿಡಿದ ಮೇಲೆ ಶಾಲೆಗೆ ಹೋಗುವ ದಾರಿಯ ಬಿಸಿಲೇ ಸಾಕು ಇವಳಿಗೆ."

ಅಮ್ಮ ಏಳುವಾಗ ಕೇಳಿದಳು. "ಡಾಕ್ಟ್ರೇ, ಇದು ಮುಟ್ಟಿದ್ರೆ ಅಂಟ್ತದಾ?"

"ಯಾರು ಹೇಳಿದ್ದು? ಅಂಟುದೇ ಇಲ್ಲ. ಮೊದಲ ದಿನವೇ ಇವರಿಗೆ ಹೇಳಿದ್ದೇನಲ್ಲ."

ಅಮ್ಮ ಮಾವನ ಕಡೆ ತಿರುಗಿದಳು. ಮಾವ ಶಾಲು ಸರಿಮಾಡಿಕೊಂಡು, "ನೆನಪು ಹೋಯ್ತು" ಎಂದರು.

ನೆನಪು ಹೋಯಿತಂತೆ! ಗುಳಿಗೆಯ ಹೊತ್ತು ನೆನಪಿತ್ತು. ಪಂಡಿತರ ಬೇಸರ ನೆನಪಿತ್ತು. ನನ್ನ ಲೋಟ ಬೇರೆ ಇಡಬೇಕೆನ್ನುವುದು ದಿನಾ ನೆನಪಿರುತ್ತಿತ್ತು. ಅರವತ್ತು ವರ್ಷ ದಾಟಿದರೂ ಆ ಎರಡು ಶಬ್ದ ನೆನೆಸಿದರೆ ನನಗೆ ಬಾವಂಚಿ ಎಣ್ಣೆಗಿಂತ ಹೆಚ್ಚು ವಾಕರಿಕೆ ಬರುತ್ತದೆ. ಅಂಟುತ್ತದೆ ಎಂಬ ಹೆದರಿಕೆ ಇದ್ದರೆ ತಾನೆ ಹುಡುಗಿ ಅಟ್ಟದಲ್ಲೇ ಇರುವುದು, ಅಮ್ಮ ಎದುರಾಡದೆ ಇರುವುದು. ಸತ್ತವರ ಬಗ್ಗೆ ಹೀಗೆ ಬರೆಯಬಾರದೆನ್ನುತ್ತಾರೆ. ಬರೆದಿದ್ದೇನೆ.

ಮನೆಗೆ ಬಂದು ಮಾವ ಗುಳಿಗೆಯ ಬಾಟಲಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. "ಇನ್ನು ಯಾವ ಮದ್ದೂ ಬೇಡ. ಬಯಲಲ್ಲಿ ಕೂರಿಸಿ ಊರಿಗೆ ತೋರಿಸುವ ಬದಲು ಕಾಲು ಮುಚ್ಚುವ ಹಾಗೆ ಸೀರೆ ಉಟ್ಟರಾಯ್ತು. ಮನೆಯಲ್ಲೇ ಇರ್ಲಿ. ಶಾಲೆಯೂ ಬೇಡ." ನನಗೆ ಬಣ್ಣ ಬರಬೇಕಾದದ್ದು ನನಗಾಗಿ ಅಲ್ಲ, ನೋಡುವವರಿಗಾಗಿ. ಅವರು ನೋಡುವಲ್ಲಿ ಕೂತರೆ ಮಾತ್ರ ಬಣ್ಣ ಬರುವುದಾದರೆ ಬಣ್ಣವೇ ಬೇಡ. ಇದು ಮಾವನ ಲೆಕ್ಕಾಚಾರ. ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಕೇಳಿ ಕೇಳಿ ಸೋತವಳೆಂದುಕೊಂಡು ನಾನು ಗೋಡೆ ಕಡೆ ತಿರುಗಿ ಮಲಗಿದೆ. ಹಂಚು ತೊಳೆದು ಮತ್ತೆ ಮಾಡಿಗೆ ಏರಿತು.

ಗಾಯ ಒಣಗಲು ಒಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಶಿವರಾತ್ರಿಗೆ ವಾರವೂ ಇರಲಿಲ್ಲ. ಒಂದು ಬೆಳಗ್ಗೆ ಅಮ್ಮ ನನಗೆ ತಿಂಡಿ ಕೊಟ್ಟು, ಸೆರಗಿನ ಗಂಟಿನಿಂದ ಗುಳಿಗೆ ತೆಗೆದಳು. ಕಪಾಟಿನ ಬೀಗದಕೈ ಅವಳಿಗೆ ಹೇಗೆ ಸಿಕ್ಕಿತೋ ನಾನು ಕೇಳಲಿಲ್ಲ. ಹನ್ನೊಂದಕ್ಕೆ ಬಂದು, "ಏಳು" ಎಂದಳು. ನಾನು ಅಭ್ಯಾಸದಂತೆ ಅಟ್ಟದ ಏಣಿಯ ಕಡೆ ನಡೆದೆ.

"ಅಲ್ಲಿಗಲ್ಲ."

ಒಂದು ಕೈಯಲ್ಲಿ ಮಣೆ, ಇನ್ನೊಂದರಲ್ಲಿ ಮಾವನ ಟೈಂಪೀಸು. ಅಮ್ಮ ಚಾವಡಿ ದಾಟಿ, ಮಾವನ ಎದುರಿಗೇ ನಡೆದು, ಅಂಗಳದ ನಟ್ಟನಡುವೆ ಮಣೆ ಹಾಕಿದಳು. ನನ್ನನ್ನು ಕೂರಿಸಿ ಲಂಗವನ್ನು ಮೊಣಕಾಲಿನವರೆಗೆ ಎತ್ತಿದಳು. ತಾನೂ ನೆಲದ ಮೇಲೆ ಕೂತಳು. ಅಭಿಷೇಕ ಮುಗಿಸಿದ ಹೆಂಗಸರು ದಾರಿಯಲ್ಲಿ ಸಾಲಾಗಿ ಬರುತ್ತಿದ್ದರು. ನನಗೆ ನೆಲ ಬಿರಿದು ನುಂಗಬಾರದೇ ಅನಿಸಿತು.

ಮಾವ ಚಾವಡಿಯಿಂದ ಹಲ್ಲು ಕಚ್ಚಿಕೊಂಡು ಹೇಳಿದರು. "ಒಳಗೆ ಬಾ. ಮಾನ ಉಂಟಾ ನಿಂಗೆ?"

"ಮಾನ ಅಟ್ಟದಲ್ಲಿ ಉಂಟು ಅಣ್ಣ, ಗಾಜಿನ ಹಂಚಿನಡಿ. ಬೇಕಾದ್ರೆ ನೀವು ಹೋಗಿ ಕೂತ್ಕೊಳ್ಳಿ."

ಹುಟ್ಟಿದಂದಿನಿಂದ ಅಣ್ಣನಿಗೆ ಎದುರಾಡದ ಹೆಂಗಸು. ಮಾವ ಎದ್ದು ಒಳಗೆ ಹೋದರು. ಬಾಗಿಲು ಹಾಕಿದ ಸದ್ದು ಕೇಳಿಸಿತು.

ಎದುರುಮನೆಯ ಹೆಂಗಸು ಅಂಗಳದ ಗೇಟಿನ ಹತ್ತಿರ ನಿಂತೇಬಿಟ್ಟಳು, ಅವಳ ಹಿಂದೆ ಇನ್ನಿಬ್ಬರು. "ಎಂತ ಮಾರಾಯ್ತಿ ಇದು? ತೊನ್ನಲ್ಲವಾ?"

"ಹೌದು ಅಕ್ಕ, ತೊನ್ನೇ."

"ಅಯ್ಯೋ ದೇವರೇ! ಅದಕ್ಕಾ ಇವಳು ಶಾಲೆ ಬಿಟ್ಟದ್ದು?"

"ಬಿಟ್ಟದ್ದಲ್ಲ, ಬಿಡಿಸಿದ್ದು. ಸೋಮವಾರದಿಂದ ಹೋಗ್ತಾಳೆ."

"ಅಂಟುವ ರೋಗ ಅಲ್ಲವಾ ಮಾರಾಯ್ತಿ? ನಮ್ಮ ಮಕ್ಕಳೂ ಅದೇ ಶಾಲೆಗೆ ಹೋಗುದು."

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ನನ್ನ ಪಾದವನ್ನು ತನ್ನ ಮಡಿಲಿಗೆ ಎಳೆದುಕೊಂಡು, ಬಿಳಿಯ ಮೇಲೆ, ಸುಟ್ಟ ಕಲೆಯ ಮೇಲೆ, ಅಂಗೈ ಇಟ್ಟಳು. ಕೈ ಒರಟಾಗಿತ್ತು, ಬೆಚ್ಚಗಿತ್ತು, ಅಕ್ಕಿ ತೊಳೆದ ನೀರಿನ ವಾಸನೆ ಬರುತ್ತಿತ್ತು. ಎದುರುಮನೆಯವಳು ನೋಡಿದಳು, ನೋಡಿದಳು, ಹೋದಳು. ಅಮ್ಮ ಕೈ ತೆಗೆಯಲಿಲ್ಲ. ಟೈಂಪೀಸು ಟಿಕ್ ಟಿಕ್ ಎನ್ನುತ್ತಿತ್ತು.

"ಕೈ ತೆಗಿ ಅಮ್ಮ," ಎಂದೆ. "ಬಿಸಿಲು ಬೀಳುದಿಲ್ಲ."

"ಇರ್ಲಿ," ಎಂದಳು ಅಮ್ಮ. "ಐದು ನಿಮಿಷ ಆಮೇಲೆ ಲೆಕ್ಕ ಹಾಕುವ."